ರಶ್ಮಿತಾಳಿಗೆ ಗಂಡು ನೋಡಿದ್ದು

ಆಡಿ ತಿಂಗಳಲ್ಲಿ ಚೆನ್ನೈಯ ಯಾವ ಕಲ್ಯಾಣ ಮಂಟಪಕ್ಕೆ ಬೇಕಾದರೂ ಹೋಗಿ ನೋಡಿ, ಮ್ಯಾನೇಜರು ನೊಣ ಹೊಡೆಯುತ್ತಾ ಕೂತಿರುತ್ತಾನೆ. ತಮಿಳರು ಆ ತಿಂಗಳಲ್ಲಿ ಮದುವೆಯ ಮಾತೇ ಎತ್ತುವುದಿಲ್ಲ. ಹಾಗಿರುವಾಗ ನಾನು ಎಗ್ಮೋರಿನಲ್ಲಿ ನಮ್ಮ ಹೋಟೆಲಿನ ಹಿಂದಿನ ಬೀದಿಯ ಸಣ್ಣ ಮಂಟಪಕ್ಕೆ ಹೋಗಿ, ಆಡಿ ಇಪ್ಪತ್ತೆರಡಕ್ಕೆ ಒಂದು ಮದುವೆ ಉಂಟು, ಹಾಲ್ ಬೇಕು ಎಂದಾಗ ಮ್ಯಾನೇಜರ್ ವಿಘ್ನೇಶ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದ. ನಲವತ್ತೈದರ ಮನುಷ್ಯ, ದಿನಾ ಬೆಳಿಗ್ಗೆ ನಮ್ಮಲ್ಲೇ ಪೊಂಗಲ್ ತಿನ್ನುವವನು.

"ಅಮ್ಮಾ, ಇದು ಆಡಿ ಮಾಸಂ," ಎಂದ.

"ಗೊತ್ತುಂಟು. ನಮ್ಮಲ್ಲಿ ಈ ಥರದ ಮದುವೆ ಆಗುವುದೇ ಈ ತಿಂಗಳಲ್ಲಿ."

ಪಾಪ, ಖಾಲಿ ಬಿದ್ದ ಹಾಲ್‌ಗೆ ಗಿರಾಕಿ ಬಂದಿದೆ, ಯಾಕೆ ಹೆಚ್ಚು ಕೇಳಲಿ ಎಂದುಕೊಂಡು ಪುಸ್ತಕ ತೆರೆದ. "ಪೊಣ್ಣು ಪೇರು?" ರಶ್ಮಿತಾ ಎಂದೆ. "ಮಾಪಿಳ್ಳೆ?" ಜಯರಾಮ ಎಂದೆ. ಬಾಗಿಲಲ್ಲಿ ಹಾಕುವ ಫ್ಲೆಕ್ಸಿಗೆ ಇಬ್ಬರ ಫೋಟೊ ವಾಟ್ಸಪ್ ಮಾಡಬೇಕಂತೆ, ಅದು ಪ್ಯಾಕೇಜಿನಲ್ಲೇ ಬರುತ್ತದಂತೆ.

"ಹುಡುಗಿಯ ಫೋಟೊ ಇಲ್ಲ," ಎಂದೆ. "ಹುಡುಗನದ್ದು ನಾಲ್ಕು ವರ್ಷದವನಿರುವಾಗ ತೆಗೆದದ್ದು ಒಂದು ಉಂಟು."

"ಬೇರೆ ಇಲ್ಲವಾ?"

"ಅದೇ ಕಡೆಯದ್ದು."

ವಿಘ್ನೇಶ್ ಪೆನ್ನು ಕೆಳಗಿಟ್ಟ. ಮುಖ ಕೆಂಪಾಯಿತು. ಬಾಲ್ಯವಿವಾಹ ಮಾಡಿಸಿದರೆ ಹಾಲ್‌ಗೆ ಬೀಗ ಬೀಳುತ್ತದೆ, ನಿಮ್ಮಂಥವರು ಹೀಗೆ ಮಾಡಬಹುದಾ ಎಂದು ತಮಿಳಿನಲ್ಲಿ ಶುರು ಮಾಡಿದ. ನಾನು ಅವನ ಮಾತು ಮುಗಿಯುವವರೆಗೆ ಕಾದೆ. ಆಮೇಲೆ, "ಹೆದರಬೇಡಪ್ಪಾ, ಇಬ್ಬರೂ ತೀರಿಹೋಗಿ ಎಷ್ಟೋ ವರ್ಷ ಆಯಿತು," ಎಂದೆ.

ಅವನು ಪೆನ್ನು ಎತ್ತಿಕೊಂಡು ಮುಚ್ಚಳ ತೆಗೆದ, ಮತ್ತೆ ಹಾಕಿದ. ಕೊನೆಗೆ ಅವನು ತುಂಬ ಮರ್ಯಾದೆಯಿಂದ, "ಗಂಡಿನ ಕಡೆಯಿಂದ ಎಷ್ಟು ಜನ ಬರ್ತಾರೆ, ಅಮ್ಮಾ? ಅಂದರೆ, ಊಟ ಮಾಡುವವರು?" ಎಂದು ಕೇಳಿದ.

ಇದನ್ನು ತಮಾಷೆಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಅದು ತಮಾಷೆಯೇ. ನಾವು ಕರಾವಳಿಯವರು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ತಮಿಳು, ಬರೆಯಲಿಕ್ಕೆ ಶಾಲೆಯಲ್ಲಿ ಕಲಿತ ಕನ್ನಡ. ಮದುವೆಯಾಗದೆ ತೀರಿಹೋದ ಮಕ್ಕಳು ಅಲ್ಲೂ ಬೆಳೆಯುತ್ತಾರೆ ಎಂದು ನಮ್ಮಲ್ಲಿ ನಂಬಿಕೆ. ಇಲ್ಲಿ ಒಂದು ವರ್ಷ ಕಳೆದರೆ ಅಲ್ಲಿಯೂ ಒಂದು ವರ್ಷ. ಅಂಥ ಜೀವವನ್ನು ನಾವು ಕುಲೆ ಎನ್ನುತ್ತೇವೆ. ವಯಸ್ಸಿಗೆ ಬಂದ ಕುಲೆಗೆ ತಕ್ಕ ಜೋಡಿ ಹುಡುಕಿ ಮದುವೆ ಮಾಡಬೇಕು. ಹೆಣ್ಣು ನೋಡುವುದು, ವೀಳ್ಯ ಬದಲಿಸುವುದು, ಧಾರೆ, ಊಟ, ಊಟದಲ್ಲಿ ಉಪ್ಪು ಕಮ್ಮಿ ಎಂದು ಗಂಡಿನ ಕಡೆಯವರ ಕೊಂಕು, ಒಂದೂ ಬಿಡುವ ಹಾಗಿಲ್ಲ. ಮದುಮಕ್ಕಳು ಕಣ್ಣಿಗೆ ಕಾಣುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಕೆಲವು ಮದುವೆಗಳಲ್ಲಿ ನಾನು ಕಣ್ಣಿಗೆ ಕಾಣುವ ಮದುಮಕ್ಕಳನ್ನೂ ನೋಡಿದ್ದೇನೆ, ಅವರಿಗಿಂತ ಇವರೇ ವಾಸಿ.

ರಶ್ಮಿತಾ ನನ್ನ ಚೊಚ್ಚಲ ಮಗಳು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ಎಗ್ಮೋರಿನ ಒಂದು ನರ್ಸಿಂಗ್ ಹೋಮಿನಲ್ಲಿ ಹುಟ್ಟಿದಳು. ಒಂಬತ್ತನೆಯ ದಿನ ಕಾಮಾಲೆಯಲ್ಲಿ ಹೋದಳು. ಹೆಸರಿಡುವ ಶಾಸ್ತ್ರಕ್ಕೆ ಇನ್ನೂ ವಾರ ಇತ್ತು. ನನ್ನ ಗಂಡ ಸುಬ್ರಾಯರು ಮತ್ತು ಅಡುಗೆಯವರೊಬ್ಬರು ಅವಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು, ಬರಿಗೈಯಲ್ಲಿ ಬಂದರು. ಅತ್ತೆ ಊರಿನಿಂದ ಬಂದವರು, "ಅಳಬೇಡ, ಎದೆಹಾಲು ಕೆಡ್ತದೆ, ಮುಂದಿನದ್ದಕ್ಕೆ ಬೇಕು," ಎಂದರು. ಆಮೇಲೆ ನಿಶ್ಮಿತಾ ಹುಟ್ಟಿದಳು, ಮಿಥುನ್ ಹುಟ್ಟಿದ, ಹೋಟೆಲು ಬೆಳೆಯಿತು, ಅತ್ತೆಯೂ ಹೋದರು. ಆ ಮಗುವಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಾನೂ ಇಬ್ಬರು ಎಂದೇ ಹೇಳುತ್ತಿದ್ದೆ.

ಈ ವರ್ಷ ನಿಶ್ಮಿತಾಳಿಗೆ ಬಂದ ಮೂರು ಸಂಬಂಧ ಮುರಿದವು. ಒಂದನ್ನು ಅವಳೇ ಮುರಿದಳು, ಆ ಮಾತು ಬೇರೆ. ಇವರು ಊರಿನ ಜೋಯಿಸರಿಗೆ ಫೋನ್ ಹಚ್ಚಿದರು. ಜೋಯಿಸರು ಕವಡೆ ಹಾಕಿ ನೋಡಿ, "ಮನೆಯಲ್ಲಿ ದೊಡ್ಡವಳೊಬ್ಬಳು ಕಾಯ್ತಾ ಇದ್ದಾಳೆ. ದೊಡ್ಡವಳಿಗೆ ಆಗದೆ ಚಿಕ್ಕವಳಿಗೆ ಹೇಗೆ ಆಗ್ತದೆ? ಅವಳೇ ಅಡ್ಡ ನಿಂತಿದ್ದಾಳೆ," ಎಂದರು.

ನನಗೆ ಬಂದ ಸಿಟ್ಟು ಇಷ್ಟಂತಲ್ಲ. ಸ್ಪೀಕರ್‌ನಲ್ಲಿದ್ದ ಫೋನ್ ಕಿತ್ತುಕೊಂಡು, "ಸ್ವಾಮೀ, ಇಪ್ಪತ್ತೊಂಬತ್ತು ವರ್ಷ ನನ್ನ ಮಗು ಉಂಟಾ ಇಲ್ವಾ ಅಂತ ಒಬ್ಬರೂ ಕೇಳ್ಲಿಲ್ಲ. ಈಗ ಅಡ್ಡ ನಿಂತಿದ್ದಾಳೆ ಅಂತ ನೆನಪಾಯ್ತಾ? ಅವಳು ಯಾರಿಗೂ ಅಡ್ಡ ಬರುವವಳಲ್ಲ. ನಿಂತ್ಕೊಳ್ಳಿಕ್ಕೇ ಕಲ್ತಿರ್ಲಿಲ್ಲ ಅವಳು," ಎಂದು ಹೇಳಿ ಕಟ್ ಮಾಡಿದೆ. ಆ ಇಡೀ ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ನನ್ನ ಪರವಾಗಿ ಮಾತಾಡಿದವು.

ಆದರೆ ಮರುದಿನ ಬೆಳಿಗ್ಗೆ ಎದ್ದಾಗ ಬೇರೆಯೇ ಒಂದು ಯೋಚನೆ ಬಂದು ಕೂತಿತ್ತು. ಜೋಯಿಸರ ಮಾತನ್ನು ನಂಬಿ ಅಲ್ಲ. ಅವಳು ಅಲ್ಲಿ ಒಬ್ಬಳೇ ಇರಬಹುದಲ್ಲ ಎನ್ನುವ ಯೋಚನೆ. ಇಲ್ಲಿ ಒಂಬತ್ತು ದಿನ ನನ್ನ ಮಗ್ಗುಲಲ್ಲಿದ್ದವಳು, ಅಲ್ಲಿ ಯಾರ ಮಗ್ಗುಲಲ್ಲಿದ್ದಾಳೆ? ನನ್ನ ಅಮ್ಮ ಬದುಕಿದ್ದಾರೆ, ಅತ್ತೆಗೆ ಹೆಣ್ಣು ಮಗುವೆಂದರೆ ಅಷ್ಟಕ್ಕಷ್ಟೆ. ಅವಳಿಗೆ ತನ್ನವರು ಎಂದು ಒಬ್ಬರಾದರೂ ಬೇಕು. "ಗಂಡು ಹುಡುಕಿ," ಎಂದೆ ಇವರಿಗೆ.

ಇವರು ಚೆನ್ನೈಯ ತುಳುವರ ವಾಟ್ಸಪ್ ಗ್ರೂಪಿಗೆ ಹಾಕಿದರು. ಒಂಬತ್ತನೆಯ ದಿನ ತೀರಿಹೋದ, ಈಗ ಇಪ್ಪತ್ತೊಂಬತ್ತು ವರ್ಷದ ಕನ್ಯೆಗೆ ತೀರಿಹೋದ ವರ ಬೇಕಾಗಿದ್ದಾನೆ ಎಂದು. ಅರ್ಧ ಗಂಟೆಯಲ್ಲಿ ಹುಡುಗರು ಶುರು ಮಾಡಿಕೊಂಡರು. ಒಬ್ಬ ವರ ಐಟಿಯಲ್ಲಿರಬೇಕಾ ಎಂದು ಕೇಳಿದ. ಅದಕ್ಕೆ ನನ್ನ ಮಗ ಮಿಥುನ್, ಸ್ವಂತ ಅಕ್ಕನ ವಿಷಯಕ್ಕೆ, "ಪರ್ಮನೆಂಟ್ ನೈಟ್ ಶಿಫ್ಟ್ ಆದ್ರೂ ಪರವಾಗಿಲ್ಲ" ಎಂದು ಹಾಕಿದ. ನಾನು ಬೈಯಲೆಂದು ಬಾಯಿ ತೆರೆದೆ, ನಗು ಬಂತು. ಅವಳನ್ನು ಯಾರೋ ಛೇಡಿಸುತ್ತಿದ್ದಾರೆ! ಮನೆಯ ದೊಡ್ಡ ಮಗಳನ್ನು ತಮ್ಮ ಛೇಡಿಸಿದ ಹಾಗೆ. ಇಷ್ಟು ವರ್ಷದಲ್ಲಿ ಅದೂ ಆಗಿರಲಿಲ್ಲ.

ನಿಶ್ಮಿತಾ ಮಾತ್ರ ಮುಖ ಸಿಂಡರಿಸಿಕೊಂಡು, "ನೋಡ್ತಾ ಇರಿ, ಅವಳಿಗೆ ನನಗಿಂತ ಮೊದಲು ಸೆಟ್ ಆಗ್ತದೆ," ಎಂದಳು.

ಹಾಗೆಯೇ ಆಯಿತು. ನಾಲ್ಕನೆಯ ದಿನ ತಿರುವೊಟ್ಟಿಯೂರಿನಿಂದ ಒಬ್ಬರು ಇವರಿಗೆ ಫೋನ್ ಮಾಡಿದರು. ಜಾನಕಮ್ಮ ಎಂದು. ಗಂಡ ಅಲ್ಲಿಯ ಕಾರ್ಖಾನೆಯಲ್ಲಿದ್ದು ನಿವೃತ್ತರು, ಜಾನಕಮ್ಮ ಮನೆಯಲ್ಲಿ ಹೊಲಿಗೆ ಮಾಡುವವರು. ಒಬ್ಬನೇ ಮಗ ಜಯರಾಮ ನಾಲ್ಕು ವರ್ಷದವನಿರುವಾಗ ಜ್ವರದಲ್ಲಿ ಹೋದ. ಈಗಿದ್ದಿದ್ದರೆ ಮೂವತ್ತೆರಡು. ಗಂಡನಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಆದರೆ ಬೇಡ ಎಂದೂ ಹೇಳುವುದಿಲ್ಲ. ನಾನು ಇವರಿಗೆ ಕೇಳಿದ್ದು ಒಂದೇ ಪ್ರಶ್ನೆ, "ಬರಿ ಕೇಳಿದ್ರಾ?"

ಬರಿ ಎಂದರೆ ನಮ್ಮ ಕುಲದ ಬಳ್ಳಿ. ಒಂದೇ ಬರಿಯವರು ಅಣ್ಣ ತಂಗಿಯರಾಗುತ್ತಾರೆ, ಅವರೊಳಗೆ ಮದುವೆ ಇಲ್ಲ. "ಕೇಳಿದ್ದೇನೆ ಮಾರಾಯ್ತಿ, ಬೇರೆ ಬೇರೆ ಉಂಟು," ಎಂದರು ಇವರು. ಮೂವತ್ತೈದು ವರ್ಷ ಹೋಟೆಲು ನಡೆಸಿದ ಮನುಷ್ಯ, ಇಷ್ಟು ಸಣ್ಣ ವಿಷಯ ಸರಿಯಾಗಿ ಕೇಳಿರುತ್ತಾರೆ ಎಂದು ನಾನು ನಂಬಿದೆ. ನಂಬಿದ್ದು ನನ್ನ ಗ್ರಹಚಾರ.

ಆಮೇಲೆ ಜಾನಕಮ್ಮ ಮತ್ತು ನಾನೇ ಮಾತಾಡಲು ಶುರು ಮಾಡಿದೆವು. ದಿನಾ ಮಧ್ಯಾಹ್ನ ಮೂರು ಗಂಟೆಗೆ, ಅವರು ಮೆಷಿನ್ ನಿಲ್ಲಿಸುವ ಹೊತ್ತು, ನಮ್ಮಲ್ಲಿ ಊಟ ಮುಗಿದು ಟಿಫಿನ್ ಶುರುವಾಗದ ಹೊತ್ತು. ಮೊದಲನೆಯ ದಿನವೇ, "ಹುಡುಗಿಯ ಹೆಸರೆಂತ?" ಎಂದು ಕೇಳಿದರು.

ನಾನು ಹೋಟೆಲಿನ ಹಿಂಬಾಗಿಲಲ್ಲಿ ನಿಂತಿದ್ದೆ. ಗರ್ಭಿಣಿಯಾಗಿದ್ದಾಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು, ಗಂಡನಿಗೂ ಹೇಳಿರಲಿಲ್ಲ. ಅದನ್ನು ಬಾಯಲ್ಲಿ ಹೇಳಿದ್ದು ಅದೇ ಮೊದಲು. "ರಶ್ಮಿತಾ," ಎಂದೆ. ಜಾನಕಮ್ಮ ಅದನ್ನು ಒಮ್ಮೆ ತಿರುಗಿ ಹೇಳಿದರು, "ರಶ್ಮಿತಾ. ಜಯರಾಮ, ರಶ್ಮಿತಾ. ಒಳ್ಳೆ ಹೊಂದ್ತದೆ ಅಲ್ವಾ?" ಬೇರೆಯವರ ಬಾಯಲ್ಲಿ ನನ್ನ ಮಗಳ ಹೆಸರು ಕೇಳಿದೆ.

ಆ ಹೆಸರನ್ನು ಮನೆಯಲ್ಲಿ ಹೇಳಿದಾಗ ನಿಶ್ಮಿತಾ ಕೈಯಲ್ಲಿದ್ದ ಫೋನ್ ಕೆಳಗಿಟ್ಟಳು. "ಅಂದ್ರೆ ನನ್ನ ಹೆಸರು ಅವಳ ಹೆಸರಿಗೆ ಮ್ಯಾಚ್ ಮಾಡಿ ಇಟ್ಟದ್ದಾ?" ಎಂದು ಕೇಳಿದಳು. ಹೌದು ಎಂದೆ. ಕೋಪ ಬರುತ್ತದೆ ಎಂದುಕೊಂಡಿದ್ದೆ. ಅವಳು ಬಂದು ನನ್ನ ಪಕ್ಕ ಕೂತು, "ಮೊದ್ಲೇ ಸೊಲ್ಲಕೂಡಾದಾ ಅಮ್ಮಾ?" ಎಂದಳು. ಮನಸ್ಸು ಕರಗಿದಾಗ ನನ್ನ ಮಕ್ಕಳಿಗೆ ತಮಿಳೇ ಬರುವುದು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ ನಾನೇನು ಹೇಳಲಿ, ಯಾರೂ ಕೇಳಿರಲಿಲ್ಲ.

ಜಾನಕಮ್ಮ ಕೇಳಿದರು. ಗಂಡಿನ ತಾಯಿ ಏನೇನು ಕೇಳಬೇಕೋ ಎಲ್ಲ ಕೇಳಿದರು. ಅಡುಗೆ ಬರುತ್ತದಾ ಎಂದರು, ಹೋಟೆಲಿನವರ ಮಗಳು ಎಂದೆ. ಕೂದಲು ಉದ್ದ ಉಂಟಾ ಎಂದರು. ಒಂಬತ್ತು ದಿನಕ್ಕೇ ಕಿವಿ ಮುಚ್ಚುವಷ್ಟು ಇತ್ತು, ಇನ್ನು ಇಪ್ಪತ್ತೊಂಬತ್ತು ವರ್ಷಕ್ಕೆ ಲೆಕ್ಕ ಹಾಕಿ ಎಂದೆ. ಬಣ್ಣ ಹೇಗೆ ಎಂದು ಕೇಳಿದಾಗ ಮಾತ್ರ ನಾನು ತಡವರಿಸಿದೆ. "ಹಳದಿ ಇದ್ದಳು," ಎಂದೆ. ಆ ಕಡೆ ಅವರು ತಟ್ಟನೆ ಅರ್ಥ ಮಾಡಿಕೊಂಡರು. "ಹಳದಿ ಲಕ್ಷಣವೇ ಗುಣವತೀ, ಮದುಮಗಳಿಗೆ ಅರಶಿನ ಹಚ್ಚುವುದು ಉಳೀತು," ಎಂದು ನನ್ನ ಹೆಸರು ಹಿಡಿದೇ ಹೇಳಿದರು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಇಬ್ಬರೂ ಫೋನ್ ಹಿಡಿದುಕೊಂಡು ಅತ್ತೆವು.

ನಾನೂ ಬಿಡಲಿಲ್ಲ. ಹುಡುಗನ ಸ್ವಭಾವ ಕೇಳಿದೆ. "ಸ್ವಲ್ಪ ಹಟ ಉಂಟು," ಎಂದರು ಜಾನಕಮ್ಮ. "ಊಟಕ್ಕೆ ಕರೆದರೆ ಮಂಚದ ಅಡಿಯಲ್ಲಿ ಹೋಗಿ ಕೂರ್ತಾನೆ."

"ನನ್ನ ಮಗಳು ಆಮೇಲೆ ಸರಿ ಮಾಡ್ತಾಳೆ," ಎಂದೆ.

ಬೀಗಿತ್ತಿ ಬೀಗಿತ್ತಿ ಎಂದು ಒಬ್ಬರನ್ನೊಬ್ಬರು ಕರೆದುಕೊಂಡು ಹತ್ತಿರ ಹತ್ತಿರ ಒಂದು ತಿಂಗಳು ಕಳೆದೆವು. ನನಗೆ ಚೆನ್ನೈಯಲ್ಲಿ ಅಷ್ಟು ವರ್ಷದಲ್ಲಿ ಅಂಥ ಸ್ನೇಹಿತೆ ಸಿಕ್ಕಿರಲಿಲ್ಲ. ಅದಕ್ಕೇ ಹೆಣ್ಣು ನೋಡುವ ಶಾಸ್ತ್ರ ಆಗುವ ಮೊದಲೇ ಹಾಲ್ ಬುಕ್ ಮಾಡುವಷ್ಟು ಧೈರ್ಯ ಬಂದಿತ್ತು.

ಶಾಸ್ತ್ರ ಇಟ್ಟುಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ, ಹೋಟೆಲಿನ ಮೇಲೆ ಇರುವ ನಮ್ಮ ಮನೆಯಲ್ಲಿ. ಹಾಲಿನಲ್ಲಿ ಗೋಡೆಯ ಹತ್ತಿರ ಉದ್ದದ ಮಣೆ ಹಾಕಿ, ಅದರ ಮೇಲೆ ಹಸಿರು ರೇಷ್ಮೆ ಸೀರೆ ಮಡಚಿಟ್ಟೆ. ಬಳೆ, ಕನ್ನಡಿ, ಒಂದು ಮೊಳ ಮಲ್ಲಿಗೆ. ಸೀರೆಯ ಅಂಚು ಒಮ್ಮೆ ಹೀಗೆ ತಿರುಗಿಸಿದೆ, ಒಮ್ಮೆ ಹಾಗೆ. ಮಗಳನ್ನು ಗಂಡಿನ ಕಡೆಯವರಿಗೆ ತೋರಿಸುವಾಗ ಆಗುವ ಗಾಬರಿ ನನಗೆ ಆಗುತ್ತಿತ್ತು, ನಾನೇನು ಅದನ್ನು ಮುಚ್ಚಿಡುವುದಿಲ್ಲ.

ಜಾನಕಮ್ಮ ಮೆಟ್ರೋದಲ್ಲಿ ಬಂದರು. ಸಣ್ಣ ಆಳು, ಬಿಳಿ ಕೂದಲು, ಕೈಯಲ್ಲಿ ಜವಳಿ ಅಂಗಡಿಯ ಚೀಲ. ಬಂದವರೇ ಉಸಿರು ಬಿಡುತ್ತಾ, "ಟಿಕೆಟ್ ಒಂದೇ ತೆಗೆದೆ. ಅವನದ್ದೂ ತೆಗೀಬೇಕಿತ್ತಾ ಅಂತ ದಾರಿಯುದ್ದಕ್ಕೂ ಸಂಶಯ," ಎಂದರು. ಚೀಲದಿಂದ ಒಂದು ಬಿಳಿ ಅಂಗಿ, ಒಂದು ಪಂಚೆ ತೆಗೆದರು. ಅಂಗಿ ಅವರೇ ಹೊಲಿದದ್ದು. ಅಳತೆ ಎಲ್ಲಿಂದ ಎಂದು ನಾನು ಕೇಳಿದೆ. "ಅವನ ಅಪ್ಪನ ಅಳತೆಗೆ ಎರಡು ಇಂಚು ಉದ್ದ ಇಟ್ಟೆ. ಈಗಿನ ಮಕ್ಕಳು ಅಪ್ಪಂದಿರಿಗಿಂತ ಎತ್ತರ ಅಲ್ವಾ," ಎಂದರು.

ಅಂಗಿಯನ್ನು ಮಣೆಗೆ ಎದುರಾಗಿ ಇಟ್ಟ ಕುರ್ಚಿಯ ಮೇಲೆ ಇಟ್ಟೆವು. ಮಿಥುನ್ ಕೆಳಗಿನಿಂದ ಕಾಫಿ ತಂದವನು ಫೋನ್ ನೋಡುತ್ತಾ ಅದೇ ಕುರ್ಚಿಯಲ್ಲಿ ಕೂರಲು ಹೋದ.

"ಏ! ಭಾವ ಕೂತಿದ್ದಾನೆ!" ಎಂದು ನಿಶ್ಮಿತಾ ಕಿರುಚಿದಳು. ಮಿಥುನ್ ಬೆಂಕಿ ಮುಟ್ಟಿದ ಹಾಗೆ ಹಾರಿ, ಕುರ್ಚಿಗೆ "ಸಾರಿ" ಎಂದ. ಜಾನಕಮ್ಮ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕುರ್ಚಿಯ ಮುಂದೆಯೂ ಒಂದು ಲೋಟ ಕಾಫಿ ಇಟ್ಟೆ.

"ಅವನಿಗೆ ಕಾಫಿ ಅಭ್ಯಾಸ ಇಲ್ಲ. ಹಾಲು ಮಾತ್ರ ಕುಡೀತಿದ್ದ," ಎಂದರು ಜಾನಕಮ್ಮ.

"ಈಗ ಮೂವತ್ತೆರಡು ಅಲ್ವಾ, ಕಲ್ತಿರ್ತಾನೆ," ಎಂದೆ. ಅವರು ಲೋಟವನ್ನು ಕುರ್ಚಿಗೆ ಸ್ವಲ್ಪ ಹತ್ತಿರ ಸರಿಸಿದರು.

ವೀಳ್ಯ ಬದಲಿಸುವ ಹೊತ್ತಾಯಿತು. ಈ ವೀಳ್ಯ ಕೊಡುವಾಗ ಇಂಥ ಬರಿಯ ಹುಡುಗನಿಗೆ ಇಂಥ ಬರಿಯ ಹುಡುಗಿ ಎಂದು ಬಾಯಿಬಿಟ್ಟು ಹೇಳಬೇಕು. ಜಾನಕಮ್ಮ ಎಲೆ ಅಡಿಕೆಯ ತಟ್ಟೆ ಹಿಡಿದು ಎದ್ದು ನಿಂತು, ದನಿ ಸರಿಮಾಡಿಕೊಂಡು, "ಸಾಲ್ಯಾನ್ ಬರಿಯ ನಮ್ಮ ಜಯರಾಮನಿಗೆ," ಎಂದರು.

ನನ್ನ ಕೈ ತಟ್ಟೆಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಸಾಲ್ಯಾನಾ? ನೀವು ಕಾಂಚನ್ ಅಲ್ವಾ? ಗ್ರೂಪಿನಲ್ಲಿ ಹಾಗೇ ಉಂಟಲ್ಲಾ?"

"ಕಾಂಚನ್ ನನ್ನ ಗಂಡ. ನಾನು ಸಾಲ್ಯಾನ್, ಮಗ ಸಾಲ್ಯಾನ್."

ಸುಬ್ರಾಯರು ಏನೂ ಆಗಿಲ್ಲ ಎಂಬಂತೆ, "ಸರಿಯಲ್ವಾ? ಹುಡುಗ ಸಾಲ್ಯಾನ್, ನಮ್ಮ ಹುಡುಗಿ ಬಂಗೇರ," ಎಂದರು.

"ಬಂಗೇರ ನೀವು!" ಎಂದು ನಾನು ಕೂಗಿದೆ. ಕೆಳಗೆ ಹೋಟೆಲಿಗೂ ಕೇಳಿಸಿರಬೇಕು. "ಹುಡುಗಿ ಹೇಗೆ ಬಂಗೇರ ಆಗ್ತಾಳೆ? ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನ್ನ ಬರಿ! ಸಾಲ್ಯಾನ್ ಅವಳು!"

ನಮ್ಮಲ್ಲಿ ಮಕ್ಕಳಿಗೆ ತಾಯಿಯ ಬರಿ. ಇದು ನಮ್ಮ ಊರಿನಲ್ಲಿ ಮೂಗು ಒರೆಸಲು ಬಾರದ ಮಕ್ಕಳಿಗೂ ಗೊತ್ತು. ಆದರೆ ಈ ಮನುಷ್ಯ ಮೂವತ್ತೈದು ವರ್ಷ ಚೆನ್ನೈಯ ದೇವಸ್ಥಾನಗಳಲ್ಲಿ ಅರ್ಚನೆ ಮಾಡಿಸಿದ್ದಾರೆ. ಅರ್ಚಕರು ಗೋತ್ರ ಕೇಳಿದಾಗಲೆಲ್ಲ ಇಡೀ ಸಂಸಾರಕ್ಕೆ ಒಟ್ಟಾಗಿ ಬಂಗೇರ ಎಂದು ಹೇಳಿ ಹೇಳಿ, ಗೋತ್ರದ ಹಾಗೆ ಬರಿಯೂ ಅಪ್ಪನಿಂದ ಬರುತ್ತದೆ ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಇವರ ಮುಖ ಬಿಳುಚಿಕೊಂಡಿತು. "ಅಯ್ಯೋ ದೇವರೇ," ಎಂದು ಅಲ್ಲೇ ಕೂತರು, ಅದೂ ಭಾವನ ಕುರ್ಚಿಯ ಅಂಚಿನಲ್ಲಿ. ಈ ಸಲ ಯಾರೂ ಕಿರುಚಲಿಲ್ಲ.

ಮಿಥುನ್ ನಗಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿದ. "ಇಬ್ಬರೂ ಇಲ್ಲದವರು ತಾನೇ, ಒಂದೇ ಬರಿ ಆದ್ರೆ ಎಂತ?" ಎಂದು ಮೆಲ್ಲಗೆ ಕೇಳಿದ.

"ಇಲ್ಲದವರಾದ್ರೂ ಅಣ್ಣ ತಂಗಿಯೇ," ಎಂದರು ಜಾನಕಮ್ಮ. ಅವರ ದನಿ ಒಣಗಿತ್ತು. ತಟ್ಟೆ ಕೆಳಗಿಟ್ಟರು. ಇವರಿಗೆ ಎದ್ದೇಳಲು ಸನ್ನೆ ಮಾಡಿ, ಅಂಗಿಯ ಸುಕ್ಕು ಬಿಡಿಸಿ, ಮಡಚಿ, ಪಂಚೆಯೊಂದಿಗೆ ಚೀಲದಲ್ಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಶ್ಮಿತಾಳ ತಲೆ ಸವರಿ, "ಬರ್ತೇನೆ ಮಗಾ," ಎಂದು ಬಾಗಿಲ ಕಡೆ ನಡೆದರು.

ನಾನು ಮಣೆಯ ಪಕ್ಕ ನಿಂತೇ ಇದ್ದೆ. ಸೀರೆ ಇತ್ತು, ಬಳೆ ಇತ್ತು, ಎದುರಿನ ಕುರ್ಚಿ ಖಾಲಿ ಇತ್ತು. ಒಂದು ತಿಂಗಳು ನನ್ನ ಮಗಳಿಗೆ ಹೆಸರಿತ್ತು, ತಮ್ಮ ತಂಗಿ ಇದ್ದರು, ಕೂದಲಿನ ಬಗ್ಗೆ ಕೇಳುವವರಿದ್ದರು. ಈಗ ಎಲ್ಲ ಮಡಚಿ ಚೀಲಕ್ಕೆ ಹೋಯಿತು. ಅವಳನ್ನು ಎರಡನೆಯ ಸಲ ಟವೆಲಿನಲ್ಲಿ ಸುತ್ತಿ ಕೊಂಡುಹೋಗುತ್ತಿದ್ದಾರೆ ಎನ್ನಿಸಿತು. ಆಗ ನಾನು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದೆ, ಇಪ್ಪತ್ತಮೂರು ವರ್ಷ, ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಲ್ಲಲು ಗೊತ್ತಾಗಲಿಲ್ಲ. ಇವತ್ತು ನನಗೆ ಐವತ್ತೆರಡು. ಕಾಲು ತನ್ನಷ್ಟಕ್ಕೆ ಓಡಿತು.

ಜಾನಕಮ್ಮ ಮೆಟ್ಟಿಲಿನ ಅರ್ಧಕ್ಕೆ ಇಳಿದಿದ್ದರು.

"ಜಾನಕಕ್ಕಾ!" ಎಂದು ಕರೆದೆ.

ಅವರು ಮೆಟ್ಟಿಲಿನ ಕಂಬಿ ಹಿಡಿದು ನಿಂತು ತಿರುಗಿದರು. "ಎಂತ ಕರೆದೆ ನೀನು?"

"ನೀವು ಸಾಲ್ಯಾನ್. ನಾನೂ ಸಾಲ್ಯಾನ್. ಅಕ್ಕ ಅಲ್ಲದೆ ಮತ್ತೆಂತ ಕರೀಲಿ? ಬೀಗಿತ್ತಿ ಆಗ್ಲಿಕ್ಕೆ ಈ ಜನ್ಮದಲ್ಲಿ ಆಗುದಿಲ್ಲ." ಹೇಳುವಾಗ ನನಗೆ ಅಳು ಬರುತ್ತಿತ್ತು, ನಿಲ್ಲಿಸಲಿಲ್ಲ. "ನಾಳೆ ಮೂರು ಗಂಟೆಗೆ ನಾನು ಯಾರಿಗೆ ಫೋನ್ ಮಾಡುದು? ಅವಳ ಹೆಸರು ಹೇಳಿ ಕೇಳುವವರು ಬೇರೆ ಯಾರುಂಟು?"

ಜಾನಕಕ್ಕ ನನ್ನನ್ನೇ ನೋಡಿದರು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ನನ್ನ ಕೈ ಹಿಡಿದುಕೊಂಡು ಒಳಗೆ ಬಂದು, ಚೀಲದಿಂದ ಅಂಗಿಯನ್ನು ಮತ್ತೆ ಹೊರಗೆ ತೆಗೆದರು. ನಿಶ್ಮಿತಾ ಕುರ್ಚಿಯನ್ನು ಸರಿಯಾಗಿ ಇಡಲು ಹೋದಳು.

"ಬೇಡ," ಎಂದರು. "ಅಣ್ಣ ಗಂಡಿನ ಕಡೆ ಕೂರುದಲ್ಲ. ತಂಗಿಯ ಪಕ್ಕ ಕೂರುದು."

ಮಣೆಯ ಮೇಲೆ, ಹಸಿರು ಸೀರೆಗೆ ತಾಗಿಸಿ, ಅಂಗಿಯನ್ನು ಬಿಡಿಸಿ ಮಲಗಿಸಿದರು.

"ಗಂಡು ಹುಡುಕುವಾ, ಹೆಣ್ಣು ಹುಡುಕುವಾ, ಇಬ್ಬರಿಗೂ ನೋಡುವಾ," ಎಂದರು. "ಸಿಗದಿದ್ರೆ ಬೇಡ. ಅವನಿಗೆ ಹೆಂಡತಿ ಇಲ್ಲ ಅಂತ ನನಗೆ ಬೇಜಾರಿದ್ದದ್ದಲ್ಲ ಗುಣವತೀ. ಒಬ್ಬನೇ ಇದ್ದಾನಲ್ಲಾ ಅಂತ."

"ನನಗೂ ಅದೇ," ಎಂದೆ.

ನಾನು ಮಣೆಯ ಮುಂದೆ ನೆಲದ ಮೇಲೆ ಕೂತೆ. ಅಡುಗೆ ಬರುತ್ತದೆ, ಉದ್ದ ಕೂದಲು, ಇಪ್ಪತ್ತೊಂಬತ್ತು ವರ್ಷ ಎಂದು ತಿಂಗಳಿಡೀ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಸಂತೋಷಕ್ಕೆ ಹೇಳಿದ್ದು. ನನಗೆ ಆ ಇಪ್ಪತ್ತೊಂಬತ್ತರ ಹೆಂಗಸು ಯಾರೆಂದು ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಮೊಣಕೈಯಷ್ಟು ಉದ್ದದ ಒಂದು ಮಗು, ಅದನ್ನು ಒಂಬತ್ತು ದಿನ ಎತ್ತಿಕೊಂಡಿದ್ದೇನೆ. ಅಂಗಿಯ ಮೇಲೆ ಕೈಯಿಟ್ಟು, "ಜಯರಾಮಾ," ಎಂದೆ. "ತಂಗಿಯನ್ನು ಎತ್ತಿಕೊಳ್ಳುವಾಗ ಜಾಗ್ರತೆ ಮಗಾ. ಅವಳ ಕುತ್ತಿಗೆ ಇನ್ನೂ ನಿಂತಿಲ್ಲ. ತಲೆಯ ಹಿಂದೆ ಒಂದು ಕೈ ಕೊಡು."

ಜಾನಕಕ್ಕ ಬಗ್ಗಿ, ಅಂಗಿಯ ಬಲತೋಳನ್ನು ಮೆಲ್ಲಗೆ ಸೀರೆಯ ಅಡಿಗೆ ಸೇರಿಸಿದರು.